‘ಅನೌಪಚಾರಿಕ’ ಎಂಬ ಶಬ್ದ: ಅರ್ಥ ಮತ್ತು ಬಳಕೆ — ಕ್ಯಾಲನೂರಿನ ನಡುವೆ ನಿಂತು ನೋಡಿದಂತೆ

ನಮ್ಮ ಕಾಲೇಜುಗಳ ಪಾಠಕ್ರಮದಲ್ಲಿ ‘ಅನೌಪಚಾರಿಕ’ ಎಂಬ ಶಬ್ದವು ಈಗ ಕಡಮೆಯೆಂದರೂ ನಾಲ್ಕು ಕಡೆಗಳಲ್ಲಿ ಎದುರಾಗುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಅನೌಪಚಾರಿಕ ವಲಯವನ್ನೂ, ಶಿಕ್ಷಣಶಾಸ್ತ್ರದವರು ಅನೌಪಚಾರಿಕ ಶಿಕ್ಷಣವನ್ನೂ, ಸಮಾಜಶಾಸ್ತ್ರದವರು ಅನೌಪಚಾರಿಕ ನಿಯಂತ್ರಣವನ್ನೂ, ಭಾಷಾಶಾಸ್ತ್ರದವರು ಅನೌಪಚಾರಿಕ ಶೈಲಿಯನ್ನೂ ಓದುತ್ತಾರೆ. ನಾಲ್ಕೂ ಕಡೆ ಇಂಗ್ಲಿಷಿನ ‘ಇನ್‌ಫಾರ್ಮಲ್’ ಎಂಬ ಒಂದೇ ಮಾತಿಗೆ ಇದು ಕನ್ನಡವಾಗಿ ನಿಂತಿದೆ. ಉತ್ತರಪತ್ರಿಕೆಗಳಲ್ಲಿ ಇದರ ವಿವರಣೆಯೂ ಹೆಚ್ಚುಕಡಮೆ ಒಂದೇ ಬಗೆಯಾಗಿರುತ್ತದೆ: ‘ನಿಯಮವಿಲ್ಲದುದು, ಕ್ರಮವಿಲ್ಲದುದು, ವ್ಯವಸ್ಥೆಯಿಲ್ಲದುದು.’ ಈ ವಿವರಣೆ ಸರಿಯೆ? ನಮಗೆ ಸಂದೇಹವಿದೆ. ಸಂದೇಹಕ್ಕೆ ಕಾರಣವನ್ನು ನಿಘಂಟಿನಲ್ಲಿ ಮಾತ್ರ ಹುಡುಕಿದರೆ ಸಾಲದು. ಶಬ್ದವನ್ನು ಒಂದು ಊರಿನ ನಡುವೆ ಇಟ್ಟು ನೋಡಬೇಕು. ಅದಕ್ಕಾಗಿ ಕೋಲಾರ ತಾಲ್ಲೂಕಿನ ಕ್ಯಾಲನೂರನ್ನು ಆರಿಸಿಕೊಂಡಿದ್ದೇವೆ. ವಿಶೇಷವಾದ ಊರೇ ಬೇಕೆಂದಿರಲಿಲ್ಲ. ತುಂಬಿ ಹರಿಯುವ ಹೊಳೆಯಿಲ್ಲದ, ಕೆರೆಯನ್ನೂ ಕೊಳವೆಬಾವಿಯನ್ನೂ ನಂಬಿದ, ರಾಗಿ, ಹಿಪ್ಪುನೇರಳೆ, ಟೊಮ್ಯಾಟೊ, ಹಾಲು ಎಂಬ ನಾಲ್ಕರಲ್ಲಿ ಬದುಕನ್ನು ಹಂಚಿಕೊಂಡಿರುವ ಈ ಸೀಮೆಯ ಯಾವ ಊರಾದರೂ ಸಾಕಾಗುತ್ತಿತ್ತು.

ಮೊದಲು ಶಬ್ದದ ರೂಪವನ್ನು ನೋಡೋಣ. ಇಂಗ್ಲಿಷಿನ ಮಾತು ‘ಆಕಾರ, ಅಚ್ಚು’ ಎಂಬರ್ಥದ ಲ್ಯಾಟಿನಿನ ‘ಫಾರ್ಮ’ದಿಂದ ಬಂದಿದೆ. ಅಚ್ಚಿಗೆ ಸರಿಯಾಗಿ ಇಳಿದದ್ದು ಫಾರ್ಮಲ್. ಇಳಿಯದೆ ಉಳಿದದ್ದು ಇನ್‌ಫಾರ್ಮಲ್. ಕನ್ನಡದ ಮಾತಿನ ಹೊಟ್ಟೆಯಲ್ಲಿರುವುದು ಆಕಾರವಲ್ಲ, ‘ಉಪಚಾರ’. ಉಪಚಾರವೆಂದರೆ ಹತ್ತಿರ ಸುಳಿದು ಮಾಡುವ ಸೇವೆ. ಬಂದವರಿಗೆ ಮಾಡುವ ಆದರ ಉಪಚಾರ. ರೋಗಿಗೆ ಮಾಡುವ ಆರೈಕೆ ಉಪಚಾರ. ದೇವರಿಗೆ ಆವಾಹನೆಯಿಂದ ಮೊದಲುಗೊಂಡು ಸಲ್ಲಿಸುವ ಪೂಜಾಕ್ರಮ ಷೋಡಶೋಪಚಾರ. ಇವೆಲ್ಲ ಕ್ರಮ ತಪ್ಪದೆ ನಡೆಯತಕ್ಕವಾದುದರಿಂದ ‘ಔಪಚಾರಿಕ’ ಎಂಬುದಕ್ಕೆ ‘ವಿಧಿವತ್ತಾದ’ ಎಂಬ ಅರ್ಥ ಬಂದಿರುವುದು ಸಹಜವೇ. ಆದರೆ ಶಾಸ್ತ್ರಗ್ರಂಥಗಳಲ್ಲಿ ಔಪಚಾರಿಕವೆಂದರೆ ಬೇರೆಯೇ ಆದ ಅರ್ಥ: ಮುಖ್ಯಾರ್ಥವಲ್ಲದ, ಸಾದೃಶ್ಯದಿಂದಲೋ ಗೌರವದಿಂದಲೋ ಆರೋಪಿಸಿ ಹೇಳಿದ ಮಾತು. ವೀರನನ್ನು ಸಿಂಹವೆಂದರೆ ಆ ಪ್ರಯೋಗ ಔಪಚಾರಿಕ. ಆ ಲೆಕ್ಕದಲ್ಲಿ ಅನೌಪಚಾರಿಕವೆಂದರೆ ನೇರವಾದದ್ದು, ಮುಖ್ಯವಾದದ್ದು ಎಂದಾಗಬೇಕು! ಹೊಸ ಪಾರಿಭಾಷಿಕ ಶಬ್ದವನ್ನು ಮಾಡಿದವರು ಈ ಹಳೆಯ ಅರ್ಥವನ್ನು ಬದಿಗಿಟ್ಟಿದ್ದಾರೆ. ಅದು ತಪ್ಪಲ್ಲ, ಶಬ್ದಗಳು ಹೀಗೆಯೇ ಮನೆ ಬದಲಾಯಿಸುತ್ತವೆ. ಆದರೆ ಹಳೆಯ ಮನೆಯ ವಾಸನೆ ಪೂರ್ತಿಯಾಗಿ ಹೋಗುವುದಿಲ್ಲವೆಂಬುದನ್ನು ಮುಂದೆ ನೋಡುತ್ತೇವೆ.

ಇನ್ನು ಮೊದಲಿಗೆ ಬಂದಿರುವ ನಿಷೇಧ. ಇದು ನಞ್ ಸಮಾಸ. ಈ ನಞ್‌ಗೆ ಆರು ಅರ್ಥಗಳನ್ನು ಸಂಸ್ಕೃತ ವೈಯಾಕರಣರು ಹೇಳುತ್ತ ಬಂದಿದ್ದಾರೆ: ಸಾದೃಶ್ಯ, ಅಭಾವ, ಅನ್ಯತ್ವ, ಅಲ್ಪತ್ವ, ಅಪ್ರಾಶಸ್ತ್ಯ, ವಿರೋಧ. ‘ಅಪಾಪ’ ಎಂಬಲ್ಲಿ ಪಾಪದ ಅಭಾವ; ‘ಅನಶ್ವ’ ಎಂಬಲ್ಲಿ ಕುದುರೆಯಲ್ಲದ ಬೇರೊಂದು ಪ್ರಾಣಿ; ‘ಅಧರ್ಮ’ ಎಂಬಲ್ಲಿ ಧರ್ಮಕ್ಕೆ ವಿರೋಧ; ‘ಅನುದರಾ’ ಎಂದರೆ ಹೊಟ್ಟೆಯೇ ಇಲ್ಲದವಳಲ್ಲ, ಸಣ್ಣ ನಡುವಿನವಳು. ಒಂದು ‘ಅ’ಕಾರವು ಇಷ್ಟು ಕೆಲಸ ಮಾಡಬಲ್ಲುದಾದರೆ, ‘ಅನೌಪಚಾರಿಕ’ದಲ್ಲಿ ಅದು ಯಾವ ಕೆಲಸ ಮಾಡುತ್ತಿದೆಯೆಂದು ಕೇಳಲೇಬೇಕು. ನಮ್ಮ ಅಭಿಪ್ರಾಯದಲ್ಲಿ ಇಲ್ಲಿಯ ಅರ್ಥ ಅನ್ಯತ್ವ: ಒಂದು ಕಟ್ಟಳೆಗೆ ಸೇರದ, ಬೇರೊಂದು ಕಟ್ಟಳೆಗೆ ಸೇರಿದ ಎಂಬುದು. ವಿದ್ಯಾರ್ಥಿಗಳು ಅದನ್ನು ಅಭಾವವೆಂದು ಓದುತ್ತಾರೆ. ಕಚೇರಿಗಳು ಅನೇಕ ವೇಳೆ ಅಪ್ರಾಶಸ್ತ್ಯವೆಂದು ಓದುತ್ತವೆ. ಈ ಎರಡು ತಪ್ಪೋದುಗಳಿಂದ ಆಗುವ ನಷ್ಟ ವ್ಯಾಕರಣಕ್ಕಷ್ಟೇ ಸೇರಿದ್ದಲ್ಲ.

ದಿನಬಳಕೆಯಿಂದ ಆರಂಭಿಸೋಣ. ಮನೆಗೆ ಬಂದವರು ‘ಊಟಕ್ಕೆ ಏಳಿ ಎಂದರು, ಉಪಚಾರಕ್ಕೆ ಹೇಳಿದರು ಅಷ್ಟೆ’ ಎಂದು ಹೊರಗೆ ಹೋಗಿ ಆಡಿಕೊಂಡರೆ, ಅದರ ಅರ್ಥ ಕರೆದವರಿಗೆ ಮನಸ್ಸಿರಲಿಲ್ಲವೆಂದು. ‘ಬರಿಯ ಉಪಚಾರದ ಮಾತು’ ಎಂಬಲ್ಲಿ ಉಪಚಾರಕ್ಕೆ ಬೆಲೆಯಿಲ್ಲ. ಶಾಸ್ತ್ರದ ‘ಮುಖ್ಯಾರ್ಥವಲ್ಲದ್ದು’ ಎಂಬ ಹಳೆಯ ವಾಸನೆ ಇಲ್ಲಿ ಉಳಿದುಕೊಂಡಿದೆ. ಹೀಗೆ ಕನ್ನಡಿಗರ ಮನೆಯೊಳಗೆ ಔಪಚಾರಿಕವೇ ಒಂದು ಮೆಟ್ಟಿಲು ಕೆಳಗಿನದು, ಮೇಲಿನದು ‘ಸಲಿಗೆ’. ಇಂಗ್ಲಿಷಿನವರು ಇನ್‌ಫಾರ್ಮಲ್ ಎನ್ನುವ ನಡವಳಿಕೆಗೆ ನಮ್ಮಲ್ಲಿ ನಿಷೇಧಪದವಲ್ಲದ ಒಂದು ಅಚ್ಚ ಮಾತಿದೆ ಎಂಬುದನ್ನು ವಾಚಕರು ಗಮನಿಸಬೇಕು. ಸಲಿಗೆಗೂ ಮಿತಿಯುಂಟು, ‘ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ’ ಎಂಬ ಮಾತು ಆ ಮಿತಿಯನ್ನು ಕುರಿತದ್ದು. ಮಿತಿಯಿರುವುದಕ್ಕೆ ನಿಯಮವಿಲ್ಲವೆಂದು ಹೇಳುವುದು ಹೇಗೆ?

ಸರ್ವನಾಮಗಳಲ್ಲಿ ಇದು ಇನ್ನೂ ಸ್ಪಷ್ಟ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳಲ್ಲಿ ಕೆಳಗಿನ ‘ನೀನು’ ಅನೌಪಚಾರಿಕವೆಂದು ವ್ಯಾಕರಣದ ಪಾಠ ಹೇಳುತ್ತದೆ. ಆದರೆ ತಾಯಿಗೂ ದೇವರಿಗೂ ಸಲ್ಲುವುದು ಈ ‘ನೀನು’ವೇ, ಜಗಳದಲ್ಲಿ ಎದುರಾಳಿಯ ಮೇಲೆ ಎಸೆಯುವುದೂ ಇದೇ. ‘ಏಕವಚನದಲ್ಲಿ ಮಾತನಾಡಿದರು’ ಎಂಬುದು ನಮ್ಮ ವೃತ್ತಪತ್ರಿಕೆಗಳಲ್ಲಿ ಒಂದು ಆರೋಪ. ಯಾರು, ಯಾರಿಗೆ, ಎಲ್ಲಿ ‘ನೀನು’ ಎನ್ನಬಹುದೆಂಬುದನ್ನು ಯಾವ ಸುತ್ತೋಲೆಯೂ ಬರೆದಿಟ್ಟಿಲ್ಲ. ಆದರೂ ತಪ್ಪಿದವರು ಕೂಡಲೇ ಸಿಕ್ಕಿಬೀಳುತ್ತಾರೆ.

ಕೋಲಾರದ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ವಿಲಿಯಂ ಬ್ರೈಟ್ ಅವರು ಆಡುಗನ್ನಡದ ರೂಪರೇಖೆಯನ್ನು ಪುಣೆಯ ಡೆಕ್ಕನ್ ಕಾಲೇಜಿನಿಂದ 1958ರಲ್ಲಿ ಪ್ರಕಟಿಸಿದರು. ಮರುವರ್ಷ, 1959ರಲ್ಲಿ, ಚಾರ್ಲ್ಸ್ ಫರ್ಗ್ಯುಸನ್ ಅವರು ಒಂದೇ ಭಾಷೆಯ ಮೇಲುರೂಪ ಮತ್ತು ಕೆಳರೂಪಗಳು ಬೇರೆಬೇರೆ ಸಂದರ್ಭಗಳನ್ನು ಹಂಚಿಕೊಳ್ಳುವುದನ್ನು ಕುರಿತು ತಮ್ಮ ಪ್ರಸಿದ್ಧ ಲೇಖನವನ್ನು ಬರೆದರು. ‘ಹೋಗುತ್ತೇನೆ’ ಎಂದು ಬರೆದು ‘ಹೋಗ್ತೀನಿ’ ಎಂದು ಆಡುವುದು ಈ ಹಂಚಿಕೆಗೆ ಕನ್ನಡದ ಸಾಮಾನ್ಯ ನಿದರ್ಶನ. ಕ್ಯಾಲನೂರಿನ ಸುತ್ತ ಹಂಚಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ಇಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು; ಶಾಲೆ, ಪಂಚಾಯಿತಿ, ಅರ್ಜಿ ಇವುಗಳ ಮಾತು ಕನ್ನಡ; ಕೆಲವು ಮನೆಗಳಲ್ಲಿ ಉರ್ದು ಅಥವಾ ತಮಿಳು. ಸಲಿಗೆಯ ಗಡಿ ಇಲ್ಲಿ ಒಂದು ಭಾಷೆಯ ಎರಡು ಶೈಲಿಗಳ ನಡುವೆ ಮಾತ್ರವಲ್ಲ, ಎರಡು ಭಾಷೆಗಳ ನಡುವೆಯೂ ಹಾದುಹೋಗುತ್ತದೆ. ಅಂಗಡಿಯ ಜಗಲಿಯ ಮೇಲೆ ತೆಲುಗಿನಲ್ಲಿ ಆರಂಭವಾದ ಮಾತು ಅಧಿಕಾರಿಯೊಬ್ಬರು ಬಂದು ಕುಳಿತೊಡನೆ ಕನ್ನಡಕ್ಕೆ ತಿರುಗುವುದುಂಟು. ಅಂಥ ಮನೆಯ ಮಗುವಿಗೆ ಕನ್ನಡವೇ ಔಪಚಾರಿಕ. ಇದರಿಂದ ಕನ್ನಡಕ್ಕೆ ಕೊರತೆಯಾಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಪಕ್ಕದ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಮನೆಯೊಳಗೆ ಕುಳಿತು ಮಾತನಾಡುವಂಥ ಗದ್ಯವನ್ನು ಅವರು ಕನ್ನಡಕ್ಕೆ ಕೊಟ್ಟರು.

ಇನ್ನು ದುಡಿಮೆಯ ಕಡೆಗೆ ಬರೋಣ. ಈ ವಿಷಯದಲ್ಲಿ ಶಬ್ದದ ಚರಿತ್ರೆ ಖಚಿತವಾಗಿ ತಿಳಿದಿದೆ. ಕೀತ್ ಹಾರ್ಟ್ ಎಂಬ ಮಾನವಶಾಸ್ತ್ರಜ್ಞರು ಆಫ್ರಿಕದ ಘಾನಾ ದೇಶದ ಅಕ್ರಾ ನಗರಕ್ಕೆ ಉತ್ತರಭಾಗದಿಂದ ವಲಸೆ ಬಂದವರ ನಡುವೆ ಕೆಲಸ ಮಾಡಿ, ಸರ್ಕಾರದ ಲೆಕ್ಕದಲ್ಲಿ ನಿರುದ್ಯೋಗಿಗಳಾಗಿದ್ದವರು ವಾಸ್ತವವಾಗಿ ಹತ್ತಾರು ಬಗೆಯ ಸಣ್ಣ ಸಂಪಾದನೆಗಳಲ್ಲಿ ತೊಡಗಿದ್ದರೆಂದು ತೋರಿಸಿದರು. ಅವರ ಲೇಖನ ಅಚ್ಚಾದದ್ದು 1973ರಲ್ಲಿ. ಅದಕ್ಕೆ ಮುಂಚೆಯೇ, 1972ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಕೀನ್ಯಾ ದೇಶವನ್ನು ಕುರಿತ ತನ್ನ ವರದಿಯಲ್ಲಿ ಈ ಶಬ್ದವನ್ನು ಎತ್ತಿಕೊಂಡಿತ್ತು. ಅಂದರೆ, ಅರ್ಥಶಾಸ್ತ್ರದಲ್ಲಿ ‘ಇನ್‌ಫಾರ್ಮಲ್’ ಎಂಬ ಮಾತು ಹುಟ್ಟಿದ್ದು ‘ಇಲ್ಲಿ ಏನೂ ಇಲ್ಲ’ ಎನ್ನುವುದಕ್ಕಲ್ಲ. ‘ನೀವು ಏನೂ ಇಲ್ಲವೆಂದುಕೊಂಡ ಕಡೆ ಇಷ್ಟೆಲ್ಲ ಇದೆ’ ಎನ್ನುವುದಕ್ಕೆ. ಅಭಾವದ ಓದು ಶಬ್ದದ ಹುಟ್ಟಿಗೇ ವಿರುದ್ಧವಾದುದು.

ಕ್ಯಾಲನೂರಿನಂಥ ಊರಿನ ಒಬ್ಬ ರೈತಗೃಹಿಣಿಯ ದಿನವನ್ನು ಊಹಿಸಿಕೊಳ್ಳೋಣ. ಬೆಳಗ್ಗೆ ಆಕೆ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹಾಲು ಹಾಕುತ್ತಾಳೆ. ಅಲ್ಲಿ ಅಳತೆಯುಂಟು, ಜಿಡ್ಡಿನ ಪರೀಕ್ಷೆಯುಂಟು, ಲೆಕ್ಕವುಂಟು, ಇದು ಔಪಚಾರಿಕ. ಮನೆಯ ರೇಷ್ಮೆಗೂಡು ಮಾರಾಟವಾಗುವುದು 1959ರ ಅಧಿನಿಯಮದ ಮೇರೆಗೆ ಸರ್ಕಾರಿ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ, ಇದೂ ಔಪಚಾರಿಕ. ಆ ಹುಳುಗಳಿಗೆ ರಾತ್ರಿಹಗಲೆನ್ನದೆ ಸೊಪ್ಪು ಹಾಕಿದ ಕೈಗಳ ದುಡಿಮೆ ಮಾತ್ರ ಅನೌಪಚಾರಿಕ. ಹಗಲು ಆಕೆ ಇನ್ನೊಬ್ಬರ ಹೊಲದಲ್ಲಿ ಟೊಮ್ಯಾಟೊ ಬಿಡಿಸುವ ಕೂಲಿಗೆ ಹೋಗುತ್ತಾಳೆ. ಬಿಡಿಸಿದ ಕಾಯಿ ಹದಿನೈದು ಕಿಲೋಗ್ರಾಮಿನ ಪೆಟ್ಟಿಗೆಗಳಲ್ಲಿ ಕೋಲಾರದ ಕೃಷಿ ಉತ್ಪನ್ನ ಮಾರುಕಟ್ಟೆಯನ್ನು ಸೇರಿ, ಹರಾಜಾಗಿ, ಹೊರರಾಜ್ಯಗಳಿಗೆ ಹೋಗುತ್ತದೆ. ಪೆಟ್ಟಿಗೆಗೆ ಚೀಟಿಯಿದೆ, ಮಂಡಿಗೆ ಪರವಾನಗಿಯಿದೆ. ಬಿಡಿಸಿದವಳ ಹೆಸರು ಎಲ್ಲಿಯೂ ಇಲ್ಲ. ಒಂದೇ ದಿನದಲ್ಲಿ ಒಬ್ಬಳೇ ವ್ಯಕ್ತಿ ಗೆರೆಯ ಈಚೆಗೂ ಆಚೆಗೂ ಮೂರು ನಾಲ್ಕು ಸಲ ದಾಟುತ್ತಾಳೆ. ಅನೌಪಚಾರಿಕ ವಲಯವೆಂದರೆ ಊರಾಚೆಯ ಒಂದು ಬೀದಿಯೆಂಬಂತೆ ಬರೆಯುವ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಕಾರ್ಮಿಕ ಸಂಖ್ಯಾಶಾಸ್ತ್ರಜ್ಞರೂ ಇದನ್ನು ಕಂಡುಕೊಂಡದ್ದು ನಿಧಾನವಾಗಿಯೇ: 1993ರಲ್ಲಿ ಅವರ ಅಂತರರಾಷ್ಟ್ರೀಯ ಸಮ್ಮೇಳನವು ಉದ್ಯಮವನ್ನು ನೋಡಿ ಲಕ್ಷಣ ಹೇಳಿತು, ಹತ್ತು ವರ್ಷಗಳ ಮೇಲೆ, 2003ರಲ್ಲಿ, ಉದ್ಯಮ ಯಾವುದಾದರೂ ಆಗಲಿ, ಕೆಲಸವನ್ನು ನೋಡಿ ಲಕ್ಷಣ ಹೇಳಬೇಕೆಂದು ಸೇರಿಸಿತು.

ಈ ದಿನದಲ್ಲಿ ನಾವು ಇನ್ನೂ ಹೇಳದ ಒಂದು ಭಾಗವಿದೆ; ಅದೇ ನಮ್ಮ ವಾದಕ್ಕೆ ಮುಖ್ಯವಾದದ್ದು. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ‘ಮುಯ್ಯಾಳು’ ಎಂಬ ಪದ್ಧತಿಯುಂಟು. ನಮ್ಮ ಹೊಲದ ಕಳೆಗೋ ಕೊಯ್ಲಿಗೋ ನೀವು ಒಂದು ದಿನ ಬಂದರೆ, ನಿಮ್ಮ ಹೊಲಕ್ಕೆ ನಾವು ಒಂದು ದಿನ ಬರತಕ್ಕದ್ದು. ಹಣವಿಲ್ಲ, ಕಾಗದವಿಲ್ಲ. ಆದರೆ ಲೆಕ್ಕವಿದೆ, ಬಿಗಿಯಾದ ಲೆಕ್ಕ: ದಿನಕ್ಕೆ ದಿನ, ಬಂದವರಿಗೆ ಇಂಥ ಊಟ, ಬಾರದೆ ತಪ್ಪಿಸಿಕೊಂಡವರಿಗೆ ಮುಂದಿನ ಸುಗ್ಗಿಯಲ್ಲಿ ಆಳು ಸಿಕ್ಕುವುದಿಲ್ಲ. ‘ಮುಯ್ಯಿ’ ಎಂದರೆ ಹಿಂದಿರುಗಿ ಸಲ್ಲತಕ್ಕದ್ದು. ಉಪಕಾರಕ್ಕೂ ಅದೇ ಮಾತು, ಸೇಡಿಗೂ ಅದೇ ಮಾತು. ‘ಮುಯ್ಯಿಗೆ ಮುಯ್ಯಿ’ ಎಂಬಲ್ಲಿ ಎಷ್ಟು ಕರಾರುವಾಕ್ಕಾದ ಸಮೀಕರಣವಿದೆಯೆಂದು ನೋಡಬಹುದು. ಮದುವೆಯ ಚಪ್ಪರದಲ್ಲಿ ಇದಕ್ಕೆ ಪುಸ್ತಕವೇ ಇರುತ್ತದೆ. ಚಪ್ಪರದ ಒಂದು ಮೂಲೆಯಲ್ಲಿ ಕುಳಿತವರು ಯಾರು ಎಷ್ಟು ಮುಯ್ಯಿ ಮಾಡಿದರೆಂದು ಹೆಸರು, ಊರು, ಮೊತ್ತ ಸಹಿತ ಬರೆದುಕೊಳ್ಳುತ್ತಾರೆ. ತೆಲುಗಿನವರು ಇದನ್ನು ‘ಚದಿವಿಂಪು’ ಎನ್ನುತ್ತಾರೆ, ಎಂದರೆ ಓದಿಸುವುದು, ಸಭೆಯಲ್ಲಿ ಕೂಗಿ ಹೇಳಿಸುವುದು. ಆ ಪುಸ್ತಕವು ಮನೆಯ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಉಳಿದು, ಕೊಟ್ಟವರ ಮನೆಯ ಮದುವೆ ಬಂದಾಗ ಹೊರಗೆ ಬರುತ್ತದೆ. ಬರಹವಿದ್ದರೆ ಔಪಚಾರಿಕ, ಬಾಯಿಮಾತಾದರೆ ಅನೌಪಚಾರಿಕ ಎಂಬ ಸುಲಭವಾದ ಭೇದವೂ ಇಲ್ಲಿ ನಿಲ್ಲುವುದಿಲ್ಲ. ಮುಯ್ಯಿಯ ಪುಸ್ತಕದಲ್ಲಿ ಬರಹವಿದೆ, ಸಾಕ್ಷಿಯಿದೆ, ಅವಧಿಯಿದೆ, ದಂಡನೆಯೂ ಇದೆ. ಇಲ್ಲದಿರುವುದು ಒಂದೇ: ರಾಜ್ಯದ ಮುದ್ರೆ.

ಕೂಲಿಯ ದರ ಏರಿದ ಮೇಲೆ, ಬೆಂಗಳೂರಿನ ಕಡೆಗೆ ಜನ ಹೊರಟ ಮೇಲೆ, ಮುಯ್ಯಾಳು ತಗ್ಗಿದೆ. ಇದನ್ನು ಸ್ವರ್ಣಯುಗದಂತೆ ವರ್ಣಿಸುವುದು ನಮ್ಮ ಉದ್ದೇಶವಲ್ಲ. ಈ ಕಟ್ಟಳೆಗೆ ಹೊಲವಿದ್ದವರು ಮಾತ್ರ ಸೇರಬಲ್ಲರು. ಹೊಲವಿಲ್ಲದವರಿಗೆ ಹಿಂದಿರುಗಿ ಪಡೆಯುವ ದಿನವೆಲ್ಲಿಂದ ಬರಬೇಕು? ಅವರಿಗೆ ಊರಿನ ಕಟ್ಟಳೆ ಬೇರೆ ರೂಪದಲ್ಲಿ, ಬಹಳ ಕಾಲ ಜಾತಿಯ ರೂಪದಲ್ಲಿ, ಒದಗಿತು. ಅದೂ ಅನೌಪಚಾರಿಕವೇ; ಅದರ ಬಿಗಿಯನ್ನು ಅನುಭವಿಸಿದವರಿಗೆ ‘ನಿಯಮವಿಲ್ಲದುದು’ ಎಂಬ ವಿವರಣೆ ನಗೆಯನ್ನು ತಂದೀತು.

ಈಗ ಭೂಮಿಯ ವಿಚಾರ. ‘ಅನೌಪಚಾರಿಕ’ ಎಂಬ ಮಾತನ್ನು ಕ್ಯಾಲನೂರಿನ ರೈತರು ಆಡುವುದಿಲ್ಲ. ಆದರೆ ಇಂಗ್ಲಿಷ್ ಮಾತಿನ ಬೇರು ಅವರ ನಾಲಿಗೆಯ ಮೇಲೆಯೇ ಇದೆ: ‘ಫಾರಂ’. ಕರ್ನಾಟಕದ ರೈತರ ಬಾಯಲ್ಲಿ ಫಾರಂ ಎಂಬುದು ಅಂಕಿಯೊಡನೆ ಬರುವ ಮಾತು. 1961ರ ಭೂಸುಧಾರಣಾ ಅಧಿನಿಯಮಕ್ಕೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ, ಉಳುತ್ತಿದ್ದ ಗೇಣಿದಾರರು ತಮ್ಮ ಹಕ್ಕನ್ನು ಭೂನ್ಯಾಯಮಂಡಲಿಯ ಮುಂದೆ ಹೇಳಿಕೊಳ್ಳಬೇಕಾದದ್ದು 7ನೆಯ ನಮೂನೆಯಲ್ಲಿ. ಕಾಲಾವಕಾಶವನ್ನು ವಿಸ್ತರಿಸಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಲಾಯಿತು. ಗೇಣಿಯ ಒಪ್ಪಂದಗಳಲ್ಲಿ ಬಹುಪಾಲು ಬಾಯಿಮಾತಿನವು. ತಲೆಮಾರುಗಳಿಂದ ಊರೆಲ್ಲ ಬಲ್ಲ ಸಂಬಂಧವನ್ನು ಒಂದು ಕಾಗದದ ಅಚ್ಚಿಗೆ ಇಳಿಸಬೇಕಾಯಿತು. ಇಳಿಸಿದವರಲ್ಲಿ ಅನೇಕರು ಭೂಮಿಯ ಒಡೆಯರಾದರು. ಒಡೆಯರ ಮುಖ ನೋಡಿ ಸಂಕೋಚಪಟ್ಟವರು, ಗಡುವನ್ನು ಅರಿಯದವರು, ಪಹಣಿಯಲ್ಲಿ ಹೆಸರು ಬಾರದವರು ಉತ್ತ ನೆಲವನ್ನು ಬಿಟ್ಟು ಎದ್ದರು. ಲ್ಯಾಟಿನಿನ ಅಚ್ಚು ಇಲ್ಲಿ ಅಕ್ಷರಶಃ ಅಚ್ಚೇ ಆಯಿತು.

ಇದಕ್ಕಿಂತಲೂ ಬೋಧಪ್ರದವಾದ ಮಾತು ‘ಬಗರ್ ಹುಕುಂ’. ‘ಬಗೈರ್’ ಎಂದರೆ ಹೊರತು. ‘ಹುಕುಂ’ ಎಂದರೆ ಆಜ್ಞೆ. ಅಪ್ಪಣೆಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡಿದ ಸಾಗುವಳಿಗೆ ಕಂದಾಯ ಇಲಾಖೆಯ ಹಳೆಯ ಭಾಷೆ ಕೊಟ್ಟ ಹೆಸರಿದು. ನಮ್ಮ ಎಣಿಕೆಯಲ್ಲಿ ‘ಇನ್‌ಫಾರ್ಮಲ್’ ಎಂಬುದಕ್ಕೆ ಕನ್ನಡದಲ್ಲಿ ಬಳಕೆಯಾಗಿರುವ ಎಲ್ಲ ಮಾತುಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಇದೇ. ಏನಿಲ್ಲವೆಂಬುದನ್ನು ಇದು ಸ್ಪಷ್ಟವಾಗಿ ಹೇಳುತ್ತದೆ: ಇಲ್ಲದಿರುವುದು ಆಜ್ಞೆ, ಕ್ರಮವಲ್ಲ, ದುಡಿಮೆಯಲ್ಲ, ಬೆಳೆಯಲ್ಲ. ಆದರೆ ಆ ಸಾಗುವಳಿಯನ್ನು ಕ್ರಮಬದ್ಧಗೊಳಿಸುವ ಕಾಲಕ್ಕೆ ಜನಜನಿತವಾದ ಮಾತು ‘ಅಕ್ರಮ ಸಕ್ರಮ’. 1964ರ ಭೂಕಂದಾಯ ಅಧಿನಿಯಮಕ್ಕೆ 1991ರಲ್ಲಿ ಸೇರಿದ ವಿಧಿಯ ಮೇರೆಗೆ 50ನೆಯ ನಮೂನೆ, ಆಮೇಲೆ 53ನೆಯದು, 2018ರಲ್ಲಿ 57ನೆಯದು. ‘ಹುಕುಂ ಇಲ್ಲದ್ದು’ ಎಂಬುದು ‘ಅಕ್ರಮ’ವಾದೊಡನೆ ನಞ್‌ನ ಅರ್ಥ ಅನ್ಯತ್ವದಿಂದ ಅಪ್ರಾಶಸ್ತ್ಯಕ್ಕೆ ಜಾರಿತು. ಬಂಜರನ್ನು ಹಸನುಮಾಡಿದವರು ಅರ್ಜಿ ಹಾಕುವಾಗಲೇ ತಪ್ಪೊಪ್ಪಿಕೊಂಡಂತಾಯಿತು. ಸರ್ಕಾರಿ ನೆಲವನ್ನು ಬಲವಿದ್ದವರು ಕಬಳಿಸಿದ ಪ್ರಕರಣಗಳಿಲ್ಲವೆಂದು ನಾವು ಹೇಳುತ್ತಿಲ್ಲ. ಅವಕ್ಕೂ ಎರಡೆಕರೆಯ ಬಡವರ ಸಾಗುವಳಿಗೂ ಒಂದೇ ಹೆಸರಾಯಿತೆಂಬುದೇ ನಮ್ಮ ಆಕ್ಷೇಪ.

ಕೂಲಿಯ ವಿಷಯದಲ್ಲಿಯೂ ಹೀಗೆಯೇ. ಸರ್ಕಾರದ ಕನ್ನಡದಲ್ಲಿ ಇವರ ಹೆಸರು ‘ಅಸಂಘಟಿತ ಕಾರ್ಮಿಕರು’. 2008ರಲ್ಲಿ ಇವರ ಸಾಮಾಜಿಕ ಭದ್ರತೆಗೆ ಕೇಂದ್ರದ ಅಧಿನಿಯಮವಾಯಿತು. 2021ರ ಆಗಸ್ಟ್‌ನಲ್ಲಿ ಇ-ಶ್ರಮ್ ಎಂಬ ನೋಂದಣಿ ಆರಂಭವಾಯಿತು. ಅಸಂಘಟಿತವೆಂದರೆ ಸಂಘಟನೆಯಿಲ್ಲದ್ದು. ಆದರೆ ಟೊಮ್ಯಾಟೊ ಬಿಡಿಸುವ ಹೆಂಗಸರು ಹತ್ತು ಹದಿನೈದು ಜನರ ಗುಂಪು ಕಟ್ಟಿಕೊಂಡು, ಒಬ್ಬಳನ್ನು ಮುಂದಾಳು ಮಾಡಿಕೊಂಡು, ದರ ಮಾತನಾಡಿಯೇ ಟೆಂಪೋ ಹತ್ತುತ್ತಾರೆ. ಸಂಘಟನೆ ಇಲ್ಲವೆ? ಆ ಟೆಂಪೋ ಮಗುಚಿ ಪೆಟ್ಟಾದರೆ ಮಾತ್ರ ಹೊಲದವರು, ಗುತ್ತಿಗೆಯವರು, ವಾಹನದವರು ಇವರಲ್ಲಿ ಕೆಲಸಕ್ಕೆ ಕರೆದವರು ಯಾರೆಂದು ತೋರಿಸುವ ಕಾಗದವಿರುವುದಿಲ್ಲ. 1923ರ ನಷ್ಟಪರಿಹಾರದ ಕಾನೂನಿನಿಂದ ಈಚೆಗೆ ಪರಿಹಾರ ಕೇಳುವವರಿಗೆ ಮೊದಲು ಎದುರಾಗುವ ಪ್ರಶ್ನೆ ಅದೇ. ಅವರಲ್ಲಿ ಕೊರತೆಯಾಗಿರುವುದು ಸಂಘಟನೆಯಲ್ಲ, ದಾಖಲೆ. ಕೊರತೆಯನ್ನು ತಪ್ಪಾಗಿ ಹೆಸರಿಸಿದರೆ ಪರಿಹಾರವೂ ತಪ್ಪು ಬಾಗಿಲನ್ನು ತಟ್ಟುತ್ತದೆ.

ಶಿಕ್ಷಣಶಾಸ್ತ್ರದ ತೊಡಕು ಚಿಕ್ಕದು, ಆದರೆ ಪರೀಕ್ಷೆಯಲ್ಲಿ ಅಂಕಗಳನ್ನು ಕಳೆಯುವಂಥದು. ಫಿಲಿಪ್ ಕೂಂಬ್ಸ್ ಮತ್ತು ಮಂಜೂರ್ ಅಹ್ಮದ್ ಅವರು 1974ರಲ್ಲಿ ಮೂರು ಭೇದಗಳನ್ನು ಮಾಡಿದರು: ಶಾಲೆಯ ಶಿಕ್ಷಣ, ಶಾಲೆಯ ಹೊರಗೆ ಉದ್ದೇಶಪೂರ್ವಕವಾಗಿ ಏರ್ಪಡಿಸಿದ ಶಿಕ್ಷಣ, ಬದುಕುತ್ತ ಬದುಕುತ್ತ ಆಗುವ ಕಲಿಕೆ. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದ ರಾತ್ರಿಯ ತರಗತಿ ಎರಡನೆಯ ವರ್ಗದ್ದು. ಹುಳು ಹಣ್ಣಾದುದನ್ನು ಬಣ್ಣದಿಂದಲೇ ತಿಳಿಯುವುದನ್ನು ಅಜ್ಜಿಯಿಂದ ಕಲಿತದ್ದು ಮೂರನೆಯದು. ಕನ್ನಡದಲ್ಲಿ ಎರಡಕ್ಕೂ ‘ಅನೌಪಚಾರಿಕ’ ಎಂದು ಬರೆಯುವ ರೂಢಿ ಬಿದ್ದಿದೆ. ಎರಡನೆಯದಕ್ಕೆ ‘ಔಪಚಾರಿಕೇತರ’ ಎಂದು ಕೆಲವು ಪಠ್ಯಗಳು ಬಳಸುತ್ತವೆ. ಉಚ್ಚಾರಣೆಗೆ ಕಠಿನವಾದರೂ ಅದನ್ನೇ ಉಳಿಸಿಕೊಳ್ಳುವುದು ಲೇಸು.

ಹಾಗಾದರೆ ‘ಅನೌಪಚಾರಿಕ’ವನ್ನು ಬಿಡಬೇಕೆ? ಬೇಡವೆಂದೇ ನಮ್ಮ ಸಲಹೆ. ನಾಲ್ಕು ಶಾಸ್ತ್ರಗಳಲ್ಲಿ ಬೇರೂರಿದ ಮಾತನ್ನು ಕೀಳುವುದು ಕಷ್ಟ. ಆದರೆ ನಡವಳಿಕೆ, ಮಾತುಕತೆಗಳ ವಿಷಯದಲ್ಲಿ ‘ಸಲಿಗೆಯ’ ಎಂದೂ, ಸಾಲ ಒಪ್ಪಂದಗಳ ವಿಷಯದಲ್ಲಿ ‘ಕೈಸಾಲ’, ‘ಬಾಯಿಮಾತಿನ’ ಎಂದೂ, ದುಡಿಮೆಯ ವಿಷಯದಲ್ಲಿ ‘ದಾಖಲೆಯಿಲ್ಲದ’ ಎಂದೂ ಬರೆದರೆ ವಾಕ್ಯ ಕೂಡಲೇ ತಿಳಿಯಾಗುತ್ತದೆ. ಹಾಗೆ ಬರೆಯಲಾಗದ ಕಡೆ ಪಾರಿಭಾಷಿಕ ಶಬ್ದವನ್ನೇ ಇಟ್ಟು, ಯಾವ ಉಪಚಾರ ಇಲ್ಲ, ಅದರ ಸ್ಥಾನದಲ್ಲಿ ಯಾವುದಿದೆ ಎಂದು ಎರಡು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಂದ ಕೇಳಿಸಬಹುದು. ಈ ಎರಡನೆಯ ಪ್ರಶ್ನೆಗೆ ಉತ್ತರ ಗ್ರಂಥಾಲಯದಲ್ಲಿ ದೊರೆಯದು. ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿ, ಪೆಟ್ಟಿಗೆಯೊಳಗಿನ ಹಳೆಯ ಮುಯ್ಯಿಯ ಪುಸ್ತಕವನ್ನು ತೆಗೆಸಿ ನೋಡಲಿ. ಕ್ಯಾಲನೂರು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯಿಂದ ಬರುವ ವಿದ್ಯಾರ್ಥಿಗಳು ಅಂಥ ಪುಸ್ತಕದ ಪ್ರತಿಯನ್ನು, ಮನೆಯವರ ಒಪ್ಪಿಗೆ ಪಡೆದು, ತಂದುಕೊಟ್ಟರೆ ವಿಭಾಗವು ಅವುಗಳನ್ನು ಕಾಪಾಡುತ್ತದೆ.